ಚರ್ಮಪಕ್ಷಿಗೂ ಅಭಯದಾನ: ಊರಿಗೊಂದು ಪೆಟ್ಟಿಗೆ ಇರಲಿ

ಜೀವದಯೆ ಎಂದೊಡನೆ ನಮ್ಮ ಸಮಾಜದ ಮನೆಗಳಲ್ಲಿ ನೆನಪಾಗುವುದು ಗೋಶಾಲೆ, ಪಿಂಜರಾಪೋಲ್, ಬೆಳಗಿನ ಹೊತ್ತು ಪಾರಿವಾಳಗಳಿಗೆ ಚೆಲ್ಲುವ ಜೋಳ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಇಡುವ ನೀರಿನ ಕುಡಿಕೆ. ಇವೆಲ್ಲವೂ ಹಿರಿಯರು ಹಾಕಿಕೊಟ್ಟ ಒಳ್ಳೆಯ ದಾರಿಗಳೇ. ಆದರೆ ಕರೆಂಟು ತಂತಿಗೆ ತಗುಲಿ ಬಿದ್ದ ಬಾವಲಿಯನ್ನು ಕಂಡು ನಿಲ್ಲುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ತಾಯಿ ಸತ್ತಿದ್ದರೂ ಅದರ ಎದೆಗೆ ಕಚ್ಚಿಕೊಂಡ ಮರಿ ಇನ್ನೂ ಉಸಿರಾಡುತ್ತಿರಬಹುದು ಎಂಬುದು ಎಷ್ಟು ಜನಕ್ಕೆ ಗೊತ್ತಿದೆ? ಬಾವಲಿ ಎಂದರೆ ಅಪಶಕುನ, ಮನೆ ಹೊಕ್ಕರೆ ಕೇಡು ಎಂದು ಪೊರಕೆ ಹುಡುಕುವವರೇ ಹೆಚ್ಚು. 2020ರಲ್ಲಿ ಕೊರೊನಾ ರೋಗದ ಭಯ ಬಂದಮೇಲಂತೂ ಬಾವಲಿ ಇರುವ ಮರವನ್ನೇ ಕಡಿಯಿರಿ ಎನ್ನುವ ಕೂಗು ದೇಶದ ಹಲವು ಕಡೆ ಎದ್ದಿತ್ತು.

ನಮ್ಮ ಶಾಸ್ತ್ರಕಾರರು ಈ ಜೀವವನ್ನು ಮರೆತಿರಲಿಲ್ಲ. ಪ್ರಜ್ಞಾಪನಾ ಸೂತ್ರದಲ್ಲಿ ಆಕಾಶದಲ್ಲಿ ಸಂಚರಿಸುವ ಖೇಚರ ಜೀವಿಗಳನ್ನು ಚರ್ಮಪಕ್ಷಿ, ರೋಮಪಕ್ಷಿ, ಸಮುದ್ಗಪಕ್ಷಿ, ವಿತತಪಕ್ಷಿ ಎಂದು ನಾಲ್ಕು ಬಗೆ ಮಾಡಿದ್ದಾರೆ. ಅದರಲ್ಲಿ ಚರ್ಮಪಕ್ಷಿಗಳ ಸಾಲಿನಲ್ಲಿ ಬಾವಲಿ ಬರುತ್ತದೆ. ಅದು ಐದೂ ಇಂದ್ರಿಯಗಳುಳ್ಳ ಪಂಚೇಂದ್ರಿಯ ಜೀವ. ಮರಿ ಹಾಕಿ ಮೊಲೆಯೂಡಿಸುವ ತಾಯಿ. ಒಂದಿಂದ್ರಿಯದ ಗಡ್ಡೆಗೆಣಸನ್ನೂ ಬಿಟ್ಟು ಊಟ ಮಾಡುವ ನಾವು, ನೋಡಲು ಚೆಂದವಿಲ್ಲ ಎಂಬ ಒಂದೇ ಕಾರಣಕ್ಕೆ ಈ ಜೀವವನ್ನು ದಯೆಯ ಲೆಕ್ಕದಿಂದ ಹೊರಗಿಟ್ಟರೆ ಅದು ತಪ್ಪು ಲೆಕ್ಕವಾಗುತ್ತದೆ.

ನಮ್ಮ ಸೀಮೆ, ನಮ್ಮ ಬಾವಲಿ

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯ ಆದಂದಿನಿಂದ ಕರ್ನೂಲು ಜಿಲ್ಲೆಗೆ ಸೇರಿದವು. ಗಡಿ ಸರಿದರೂ ಮಾತು, ನೆಂಟಸ್ತಿಕೆ, ವ್ಯಾಪಾರ ಎರಡೂ ಕಡೆ ನಡೆದೇ ಇದೆ. ಆದೋನಿಯ ಬೆಟ್ಟದ ಬಂಡೆಯಲ್ಲಿ ತೀರ್ಥಂಕರರ ಮೂರ್ತಿಗಳನ್ನು ಕೊರೆದಿರುವುದರಿಂದ ನಮ್ಮ ಧರ್ಮಕ್ಕೂ ಈ ನೆಲಕ್ಕೂ ಇರುವ ನಂಟು ಇಂದಿನದಲ್ಲ ಎಂಬುದು ತಿಳಿಯುತ್ತದೆ.

ಈ ಕಡೆ ತೆಲುಗಿನಲ್ಲಿ ಗಬ್ಬಿಲಂ ಎಂದು ಕರೆಯುವ ಬಾವಲಿಗಳಲ್ಲಿ ಮುಖ್ಯವಾಗಿ ಎರಡು ಜಾತಿ ಎಂದು ತಿಳಿದರೆ ನಮ್ಮ ಕೆಲಸಕ್ಕೆ ಸಾಕು. ಮೊದಲನೆಯದು ಹಣ್ಣು ತಿನ್ನುವುದು. ಆಲ, ಅರಳಿ, ಹುಣಸೆಯಂಥ ದೊಡ್ಡ ಮರಗಳಲ್ಲಿ ಹಗಲೆಲ್ಲ ತಲೆಕೆಳಗಾಗಿ ನೇತಾಡುವ ದೊಡ್ಡ ತೊಗಲುಬಾವಲಿ ಈ ಜಾತಿಯದು. ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿಗೂ ಮೀರುತ್ತದೆ, ತೂಕ ಒಂದು ಕಿಲೋ ದಾಟುವುದುಂಟು. ಇದರಲ್ಲೇ ಬಾಳೆಗಿಡ, ತಾಳೆಮರ ಹಿಡಿದು ಇರುವ ಸಣ್ಣ ಹಣ್ಣುಬಾವಲಿಯೂ ಉಂಟು. ಎರಡನೆಯದು ಹುಳ ಹಿಡಿದು ತಿನ್ನುವ ಚಿಕ್ಕ ಬಾವಲಿ. ಕೋಟೆಯ ಕಲ್ಲುಸಂದಿ, ಹಳೇ ಗುಡಿಯ ಗರ್ಭಗೃಹ, ಗೋದಾಮಿನ ಮಾಡು, ಅಂಗಡಿಯ ಬೋರ್ಡಿನ ಹಿಂಭಾಗ ಇವು ಅದಕ್ಕೆ ಒಗ್ಗುವ ಜಾಗಗಳು. ಇವುಗಳಲ್ಲಿ ಕೆಲವು ಮೂರು ನಾಲ್ಕು ಗ್ರಾಂ ತೂಗುತ್ತವೆ, ಅಂದರೆ ಒಂದು ಉಂಗುರದ ತೂಕ ಅಷ್ಟೆ.

ನಾವು ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಇವು ಎದ್ದು ಊಟಕ್ಕೆ ಹೊರಡುತ್ತವೆ. ಹಣ್ಣುಬಾವಲಿ ಬೇವಿನ ಹಣ್ಣು, ಆಲದ ಹಣ್ಣು ತಿಂದು ಬೀಜವನ್ನು ದೂರ ದೂರ ಹಾಕುತ್ತದೆ. ಹಿಪ್ಪೆ, ಬಿಳಿ ಬೂರುಗದ ಹೂವುಗಳಿಗೆ ಪರಾಗ ಮುಟ್ಟಿಸುತ್ತದೆ. ಹುಳ ತಿನ್ನುವ ಬಾವಲಿ ಹೊಲದ ಮೇಲೆ ಹಾರಾಡುವ ಪತಂಗಗಳನ್ನು ಹಿಡಿಯುತ್ತದೆ. ಹತ್ತಿ ಪೇಟೆಯವರಾದ ನಮಗೆ ಒಂದು ಲೆಕ್ಕ ಹೇಳಲೇಬೇಕು. ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಎಂಟು ಕೌಂಟಿಗಳ ಹತ್ತಿ ಹೊಲಗಳನ್ನು ಹಿಡಿದು ವಿಜ್ಞಾನಿಗಳು 2006ರಲ್ಲಿ ಒಂದು ಅಂದಾಜು ಪ್ರಕಟಿಸಿದರು. ಅಲ್ಲಿ ಕಾಯಿಕೊರಕದ ಪತಂಗಗಳನ್ನು ತಿಂದು ಬಾವಲಿಗಳು ರೈತರಿಗೆ ಉಳಿಸಿಕೊಡುವ ಹಣ ವರ್ಷಕ್ಕೆ ಸುಮಾರು 7 ಲಕ್ಷ 41 ಸಾವಿರ ಡಾಲರ್! ನಮ್ಮ ಸೀಮೆಯ ಹತ್ತಿಗೆ ಕಾಡುವ ಕಾಯಿಕೊರಕವೂ ಅದೇ ಕುಲದ್ದು. ಯಾವ ಕೂಲಿಯನ್ನೂ ಕೇಳದೆ ರಾತ್ರಿಯೆಲ್ಲ ದುಡಿಯುವ ಇಂಥ ಆಳು ನಮಗೆ ಬೇರೆಲ್ಲಿ ಸಿಕ್ಕೀತು?

ದಯೆಗೆ ತಿಳಿವಳಿಕೆ ಜೋಡಿಯಾಗಬೇಕು

ಪಾರ್ಶ್ವನಾಥ ಸ್ವಾಮಿಯ ಚರಿತೆ ನಮ್ಮ ಮಕ್ಕಳಿಗೂ ಗೊತ್ತು. ತಾಪಸಿಯೊಬ್ಬ ಪಂಚಾಗ್ನಿ ತಪಸ್ಸಿಗೆಂದು ಕಟ್ಟಿಗೆ ಸೀಳುತ್ತಿದ್ದ. ಒಳಗೆ ನಾಗ ನಾಗಿಣಿಯರಿದ್ದಾರೆ, ಕೊಡಲಿ ಹಾಕಬೇಡ ಎಂದು ರಾಜಕುಮಾರ ಪಾರ್ಶ್ವನು ತಡೆದರೂ ಆತ ಕೇಳಲಿಲ್ಲ. ಸರ್ಪಗಳು ತುಂಡಾದವು. ಆ ತಾಪಸಿಗೆ ಹಾವುಗಳ ಮೇಲೆ ದ್ವೇಷವೇನೂ ಇರಲಿಲ್ಲ. ಒಳಗೆ ಏನಿದೆ ಎಂದು ನೋಡುವ ತಾಳ್ಮೆ ಇರಲಿಲ್ಲ, ಅಷ್ಟೆ. ಗಾಯಗೊಂಡ ಬಾವಲಿಯ ಬಳಿ ನಡೆಯುವುದೂ ಬಹಳ ಸಲ ಇದೇ. ಮರುಕದಿಂದ ಓಡಿಬಂದವರು ಬರಿಗೈಯಲ್ಲಿ ಹಿಡಿದು ಕಚ್ಚಿಸಿಕೊಳ್ಳುತ್ತಾರೆ. ಬಲೆಯನ್ನು ಎಳೆದು ರೆಕ್ಕೆಯ ಮೂಳೆ ಮುರಿಯುತ್ತಾರೆ. ತಣ್ಣಗಾದ ಮರಿಯ ಬಾಯಿಗೆ ಲೋಟದಿಂದ ಹಾಲು ಹೊಯ್ದು ಉಸಿರುಗಟ್ಟಿಸುತ್ತಾರೆ. ಉದ್ದೇಶ ದಯೆಯದೇ ಆದರೂ ಫಲ ಹಿಂಸೆಯದಾಗುತ್ತದೆ.

ಆದ್ದರಿಂದ ನಾವು ಹೇಳಬೇಕೆಂದಿರುವುದು ಇಷ್ಟೇ. ದಯೆಗೆ ಸಾಧನ ಬೇಕು. ಆ ಸಾಧನ ಮೊದಲೇ ಸಿದ್ಧವಾಗಿರಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಬಾವಲಿ ಬಿದ್ದಮೇಲೆ ಕತ್ತರಿ ಹುಡುಕಿದರೆ ಫಲವಿಲ್ಲ. ಊರಿನ ಬಸದಿಯಲ್ಲೋ, ಸ್ಥಾನಕದಲ್ಲೋ, ಯಾರಾದರೂ ಒಬ್ಬರ ಅಂಗಡಿಯಲ್ಲೋ ಒಂದು ಪೆಟ್ಟಿಗೆ ತುಂಬಿಟ್ಟಿದ್ದರೆ ಸಾಕು.

ಮೊದಲು ಹಿಡಿಯುವವರ ರಕ್ಷಣೆ

ಬಾವಲಿ ಸ್ವಭಾವತಃ ಜಗಳಗಂಟ ಪ್ರಾಣಿಯಲ್ಲ. ಆದರೆ ಹೆದರಿ ನೋವಿನಲ್ಲಿರುವಾಗ ಕಚ್ಚದೆ ಬಿಡುವುದಿಲ್ಲ. ಬಾವಲಿಗಳ ಕಡಿತ, ಪರಚುಗಳಿಂದ ರೇಬೀಸ್ ಜಾತಿಯ ವೈರಸ್ ಹರಡಬಲ್ಲದು. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಅಂಥದೊಂದು ವೈರಸ್ ತೊಗಲುಬಾವಲಿಗಳಲ್ಲಿ ಕಂಡುಬಂದಿತು. ಅಲ್ಲಿಂದೀಚೆಗೆ ಅಲ್ಲಿ ಲಸಿಕೆ ಹಾಕಿಸಿಕೊಂಡವರೇ ಬಾವಲಿ ಮುಟ್ಟಬೇಕೆಂಬುದು ಕಟ್ಟುನಿಟ್ಟು. ನಮ್ಮ ದೇಶದಲ್ಲಿ 2001ರಲ್ಲಿ ಸಿಲಿಗುರಿಯಲ್ಲಿಯೂ 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿಯೂ ಪ್ರಾಣಹಾನಿ ಮಾಡಿದ ನಿಪಾ ವೈರಸ್ಸಿಗೆ ತೊಗಲುಬಾವಲಿಯೇ ಆಶ್ರಯ. ಹಾಗೆಂದು ಮರದಲ್ಲಿ ನೇತಾಡುವ ಬಾವಲಿಯಿಂದ ಕೆಳಗೆ ನಡೆಯುವವರಿಗೆ ರೋಗ ಬರುತ್ತದೆ ಎಂದು ಹೆದರಬೇಕಿಲ್ಲ. ಮುಟ್ಟುವಾಗ ಎಚ್ಚರ ಇರಬೇಕು.

ಅದಕ್ಕೆ ನಾಲ್ಕು ನಿಯಮ. ಒಂದು, ಬರಿಗೈಯಲ್ಲಿ ಯಾವ ಬಾವಲಿಯನ್ನೂ, ಸತ್ತದ್ದನ್ನೂ ಸಹ ಮುಟ್ಟಬಾರದು. ಎರಡು, ಮಕ್ಕಳು ಮತ್ತು ಬಸುರಿಯರು ಈ ಕೆಲಸಕ್ಕೆ ಬರಬಾರದು. ಮೂರು, ಊರಿಗೆ ಇಬ್ಬರು ಮೂವರು ಯುವಕರು ವೈದ್ಯರ ಸಲಹೆಯಂತೆ ರೇಬೀಸ್ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಂಡಿರಬೇಕು, ಹಿಡಿಯುವ ಕೆಲಸ ಅವರದೇ ಆಗಬೇಕು. ನಾಲ್ಕು, ಹಲ್ಲು ಅಥವಾ ಉಗುರು ತಾಗಿದರೆ, ಗಾಯ ಎಷ್ಟೇ ಸಣ್ಣದಿರಲಿ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮೊದಲೇ ಲಸಿಕೆ ಆಗಿದ್ದರೂ ಹೋಗಬೇಕು. ಅರಿಸಿನ ಹಚ್ಚಿ ಸುಮ್ಮನಾಗಬಾರದು.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಕೈಗವಸು: ದಪ್ಪ ಚರ್ಮದ ಕೈಗವಸು ಬೇಕೆಂದು ಈ ಕೆಲಸದವರೆಲ್ಲ ಹೇಳುತ್ತಾರೆ. ನಮ್ಮಲ್ಲಿ ಚರ್ಮ ಮುಟ್ಟದ ಕುಟುಂಬಗಳೇ ಹೆಚ್ಚು. ಹಾರ್ಡ್‌ವೇರ್ ಅಂಗಡಿಯಲ್ಲಿ ಗಾಜು, ತಗಡಿನ ಕೆಲಸದವರಿಗೆಂದು ಮಾರುವ, ಕೊಯ್ತ ತಡೆಯುವ ನೂಲಿನ, ಅಂಗೈಗೆ ರಬ್ಬರ್ ಲೇಪವಿರುವ ಕೈಗವಸು ಸಿಗುತ್ತದೆ. ಆದರೆ ಅದು ಕೊಯ್ತ ತಡೆದಂತೆ ಚುಚ್ಚುವ ಹಲ್ಲನ್ನು ಪೂರ್ತಿ ತಡೆಯುವುದಿಲ್ಲ. ಆದ್ದರಿಂದ ಒಳಗೆ ಡಾಕ್ಟರರ ತೆಳು ರಬ್ಬರ್ ಗವಸು, ಹೊರಗೆ ಇದು, ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ದಪ್ಪ ಬಟ್ಟೆ ಹೀಗೆ ಮೂರು ಪದರ ಬೇಕೇ ಬೇಕು. ದೊಡ್ಡ ತೊಗಲುಬಾವಲಿಗೆ ಇದೂ ಸಾಲದೆ ಹೋಗಬಹುದು. ಆಗ ಅರಣ್ಯ ಇಲಾಖೆಯವರು ಬಂದು ತಮ್ಮ ಚರ್ಮದ ಗವಸಿನಲ್ಲಿ ಹಿಡಿದರೆ ನಾವು ಮುಖ ಸಿಂಡರಿಸಬಾರದು. ಅದು ಅವರ ಪ್ರಾಣದ ಪ್ರಶ್ನೆ.

ಮಾಸ್ಕ್, ಕನ್ನಡಕ: ಎನ್-95 ಮಾಸ್ಕ್ ನಾಲ್ಕಾರು, ಕಣ್ಣಿಗೆ ಸಾದಾ ಪ್ಲಾಸ್ಟಿಕ್ ಕನ್ನಡಕ ಒಂದು.

ಬಟ್ಟೆ: ಎಳೆ ಎದ್ದ ಟರ್ಕಿ ಟವೆಲ್ ಬೇಡ, ಗೋಣಿತಟ್ಟು ಬೇಡವೇ ಬೇಡ. ಹೆಬ್ಬೆರಳಿನ ಕೊಕ್ಕೆಯುಗುರು ಆ ಎಳೆಗಳಿಗೆ ಸಿಕ್ಕಿಕೊಂಡು ಮತ್ತೆ ಗಾಯವಾಗುತ್ತದೆ. ಒತ್ತಾಗಿ ನೇಯ್ದ ನಯವಾದ ಹತ್ತಿ ಬಟ್ಟೆ ಒಳ್ಳೆಯದು. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ ಎಮ್ಮಿಗನೂರು ನಮ್ಮ ಪಕ್ಕದಲ್ಲೇ ಇದೆ. ಕೈಮಗ್ಗದ ಸಾದಾ ಟವೆಲು, ಹಳೆಯ ಮಗ್ಗದ ಹೊದಿಕೆಗೆ ನಮಗೆ ಕೊರತೆಯೇ? ಆರು ಟವೆಲು, ಒಂದು ಹೊದಿಕೆ, ಹಳೇ ಪಂಚೆಯ ತುಂಡುಗಳು ಇರಲಿ. ಬಾವಲಿಯ ಮೇಲೆ ಮೊದಲು ಬಟ್ಟೆ ಹಾಕಿ ತಲೆ, ಕಣ್ಣು ಮುಚ್ಚಬೇಕು. ಕತ್ತಲಾದರೆ ಅದರ ಭಯ ಅರ್ಧ ಇಳಿಯುತ್ತದೆ.

ಡಬ್ಬಿ: ಸಣ್ಣ ಬಾವಲಿಗೆ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿ ಸಾಕು. ಗಾಳಿಗೆ ತೂತುಗಳನ್ನು ಒಳಗಿನಿಂದ ಹೊರಕ್ಕೆ ಚುಚ್ಚಬೇಕು, ಇಲ್ಲದಿದ್ದರೆ ಅಂಚು ಒಳಗೆ ಎದ್ದು ಚುಚ್ಚುತ್ತದೆ. ತೂತು ಪೆನ್ಸಿಲಿನ ಸೀಸದಷ್ಟೇ ಇರಲಿ. ಬೆರಳು ತೂರುವಷ್ಟು ಸಂದಿಯಿದ್ದರೆ ಅದು ನುಸುಳಿ ಹೋಗುತ್ತದೆ. ಒಳಗೋಡೆಗೆ ಒಂದು ಬಟ್ಟೆ ಇಳಿಬಿಟ್ಟರೆ ಅದರ ಹಿಂದೆ ಅಡಗಿ ನೇತಾಡುತ್ತದೆ. ದೊಡ್ಡ ಬಾವಲಿಗೆ ಪತ್ತಿಕೊಂಡ ಕಡೆ ಟೊಮೇಟೊ ತುಂಬುವ ಪ್ಲಾಸ್ಟಿಕ್ ಕ್ರೇಟುಗಳೇ ಒಳ್ಳೆಯ ಪಂಜರ. ತೊಳೆದು ಒಣಗಿಸಿದ ಎರಡು ಕ್ರೇಟುಗಳನ್ನು ಬಾಯಿಗೆ ಬಾಯಿ ಸೇರಿಸಿ ಹಗ್ಗದಲ್ಲಿ ಬಿಗಿದರೆ ಮೇಲಿನದರ ಜಾಲರಿ ಹಿಡಿದು ಅದು ತಲೆಕೆಳಗಾಗಿ ನೇತಾಡಬಲ್ಲದು. ಬಾವಲಿಗೆ ನೇತಾಡುವುದೇ ವಿಶ್ರಾಂತಿ. ಸುತ್ತ ಹೊದಿಕೆ ಹೊದಿಸಿದರೆ ಸಂದಿಯಿಂದ ಯಾರಿಗೂ ಕಚ್ಚಲಾರದು.

ಕತ್ತರಿ, ಟಾರ್ಚು: ಮೊಂಡು ತುದಿಯ ಕತ್ತರಿ, ದರ್ಜಿಯವರು ಹೊಲಿಗೆ ಬಿಚ್ಚುವ ಸಣ್ಣ ಕಡ್ಡಿ, ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್, ತಲೆಗೆ ಕಟ್ಟುವ ಟಾರ್ಚು. ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶದಾದ್ಯಂತ ನಿಷೇಧಿಸಿದರೂ ಗಾಳಿಪಟದ ಹಂಗಾಮು ಮುಗಿದಮೇಲೆ ಮರಗಳಲ್ಲಿ ಉಳಿದ ದಾರ ತಿಂಗಳುಗಟ್ಟಲೆ ಜೀವ ತೆಗೆಯುತ್ತದೆ. ತೋಟದ ಬಲೆಯ ಕಥೆಯೂ ಅದೇ. ಸಿಕ್ಕ ಬಾವಲಿಯನ್ನು ಅಲ್ಲೇ ಬಿಡಿಸಲು ಹೋಗದೆ ಸುತ್ತಲಿನ ದಾರವನ್ನೋ ಬಲೆಯನ್ನೋ ಕತ್ತರಿಸಿ, ಅದರ ಸಮೇತ ಬಟ್ಟೆಯಲ್ಲಿ ಸುತ್ತಿ ಕೆಳಗಿಳಿಸಬೇಕು. ಆಮೇಲೆ ನೆರಳಿನಲ್ಲಿ ಕೂತು ಒಂದೊಂದೇ ಎಳೆ ಕತ್ತರಿಸಬೇಕು. ಮಾಂಸದೊಳಗೆ ಇಳಿದ ದಾರವನ್ನು ಎಳೆಯಬಾರದು, ಅದು ಪಶುವೈದ್ಯರ ಕೆಲಸ.

ಬಿದಿರು ಗಳ: ತುದಿಗೆ ಬಟ್ಟೆ ಸುತ್ತಿದ ಒಣ ಗಳ ಒಂದು. ನೆಲಕ್ಕೆ ಬಿದ್ದ ಬಾವಲಿಗೆ ಹಕ್ಕಿಯಂತೆ ನೆಲದಿಂದ ಹಾರಲು ಕಷ್ಟ, ಎತ್ತರದಿಂದ ಬಿಟ್ಟುಕೊಂಡೇ ಹಾರುತ್ತದೆ. ಗಾಯವಿಲ್ಲದಿದ್ದರೆ ಈ ಗಳ ಒಡ್ಡಿದರೆ ತಾನೇ ಹಿಡಿದು ಹತ್ತುತ್ತದೆ, ಮರಕ್ಕೆ ಸೇರಿಸಿಬಿಡಬಹುದು. ಆದರೆ ಕರೆಂಟು ತಂತಿಯ ಹತ್ತಿರ ಈ ಗಳವೂ ಬೇಡ. ಲೈನ್‌ಮನ್ ಬಂದು ವಿದ್ಯುತ್ ಕಡಿದು, ಆತನೇ ಹೇಳುವ ತನಕ ಯಾರೂ ಹತ್ತಿರ ಹೋಗಕೂಡದು.

ತಕ್ಕಡಿ: ತೂಕ ತಿಳಿಯದೆ ಪಶುವೈದ್ಯರು ಔಷಧದ ಪ್ರಮಾಣ ಹೇಳಲಾರರು. ದೊಡ್ಡದಕ್ಕೆ ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಚಿಕ್ಕದಕ್ಕೆ ಚಿನ್ನದಂಗಡಿಯ ತಕ್ಕಡಿ. ಎರಡೂ ನಮ್ಮ ಸಮಾಜದವರ ಅಂಗಡಿಗಳಲ್ಲೇ ಇವೆ. ಡಬ್ಬಿ ಸಮೇತ ತೂಗಿ, ಖಾಲಿ ಡಬ್ಬಿಯ ತೂಕ ಕಳೆದರಾಯಿತು. ವ್ಯಾಪಾರಸ್ಥರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಿಸಿ, ನೀರು, ಔಷಧ: ಬಿಸಿನೀರಿನ ರಬ್ಬರ್ ಚೀಲ, ಸೂಜಿಯಿಲ್ಲದ ಒಂದು ಎಂ.ಎಲ್. ಸಿರಿಂಜು ಹತ್ತು, ಓಆರ್‌ಎಸ್ ಪುಡಿ, ಸಲೈನ್ ಬಾಟಲಿ, ಶುದ್ಧ ಹತ್ತಿ, ಸಾಬೂನು. ಗಾಯವನ್ನು ಸಲೈನಿನಿಂದ ತೊಳೆದರೆ ಸಾಕು. ಎಣ್ಣೆ, ಮುಲಾಮು, ಸೀಮೆಎಣ್ಣೆ ಹಚ್ಚಬಾರದು, ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ರೆಕ್ಕೆಯ ತೊಗಲಿನಲ್ಲಿ ಸಣ್ಣ ತೂತುಗಳಿದ್ದರೆ ಗಾಬರಿ ಬೇಡ, ಅವು ತಾವಾಗಿ ಕೂಡಿಕೊಳ್ಳುತ್ತವೆ. ಅಂಚಿನವರೆಗೆ ಹರಿದಿದ್ದರೆ, ಮೂಳೆ ಮುರಿದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಶಕ್ತಿಗೆಂದು ಜೇನು ನೀರು ಕೊಡುವ ರೂಢಿ ಕೆಲವೆಡೆ ಇದೆ. ನಮಗೆ ಜೇನು ವರ್ಜ್ಯ. ಗ್ಲೂಕೋಸ್ ನೀರು ಅದೇ ಕೆಲಸ ಮಾಡುತ್ತದೆ.

ಪುಸ್ತಕ: ಒಂದು ನೋಟ್ ಪುಸ್ತಕ. ಎಲ್ಲಿ ಸಿಕ್ಕಿತು, ಯಾವ ಹೊತ್ತು, ತೂಕವೆಷ್ಟು, ಏನು ಕೊಟ್ಟೆವು, ಯಾರಿಗೆ ಒಪ್ಪಿಸಿದೆವು ಎಂದು ಬರೆದಿಡಬೇಕು. ಎರಡು ವರ್ಷ ಬರೆದರೆ ಯಾವ ಕಂಬದಲ್ಲಿ ಪದೇ ಪದೇ ಸಾಯುತ್ತವೆ ಎಂದು ಗೊತ್ತಾಗುತ್ತದೆ. ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು ತಂತಿಗಳ ಅಂತರ ಹೆಚ್ಚಿಸಿ ಎಂದು ಕೇಳಲು ಆಧಾರ ಸಿಗುತ್ತದೆ.

ಇನ್ನು ಮನೆಯೊಳಗೆ ಬಾವಲಿ ಬಂದರೆ ಇದಾವುದೂ ಬೇಕಿಲ್ಲ. ಮೊದಲು ಫ್ಯಾನು ನಿಲ್ಲಿಸಿ, ದೀಪ ಆರಿಸಿ, ಒಳಬಾಗಿಲು ಹಾಕಿ, ಕಿಟಕಿ ತೆರೆದು ಹೊರಗೆ ಬಂದುಬಿಡಿ. ಬಂದ ದಾರಿಯಲ್ಲೇ ಹೋಗುತ್ತದೆ. ಆದರೆ ಮಲಗಿದ್ದವರ ಕೋಣೆಯಲ್ಲಿ ಅಥವಾ ಮಗುವಿನ ಬಳಿ ಕಂಡರೆ, ಕಚ್ಚಿದ ಗುರುತು ಕಾಣದಿದ್ದರೂ ವೈದ್ಯರಿಗೆ ತಿಳಿಸಬೇಕು.

ತಬ್ಬಲಿ ಮರಿಯ ಪಾಡು

ದೊಡ್ಡ ತೊಗಲುಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಫೆಬ್ರವರಿಯಿಂದ ಮೇ ಒಳಗೆ ಮರಿಗಳು ಹುಟ್ಟುತ್ತವೆ. ಮೊದಲ ಕೆಲವು ವಾರ ತಾಯಿ ಮರಿಯನ್ನು ಎದೆಗೆ ಕಚ್ಚಿಸಿಕೊಂಡೇ ಹಾರುತ್ತದೆ. ರೆಕ್ಕೆ ಅಗಲವಾದ್ದರಿಂದ ಎರಡು ತಂತಿಗಳು ಒಟ್ಟಿಗೆ ತಗುಲಿ ತಾಯಿ ಸಾಯುತ್ತದೆ, ಮರಿ ಎಷ್ಟೋ ಸಲ ಬದುಕಿರುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ಸತ್ತ ಬಾವಲಿ ಕಂಡರೆ, ಅದು ನೆಲಕ್ಕೆ ಬಿದ್ದಿದ್ದರೆ, ಗವಸು ತೊಟ್ಟವರು ರೆಕ್ಕೆ ಬಿಡಿಸಿ ನೋಡಲೇಬೇಕು. ಮರಿ ಮೊಲೆ ಕಚ್ಚಿಕೊಂಡಿದ್ದರೆ ಎಳೆಯಬಾರದು. ಅದರ ಹಾಲುಹಲ್ಲುಗಳು ಕೊಕ್ಕೆಯಂತಿರುತ್ತವೆ, ಎಳೆದರೆ ಬಾಯಿಗೆ ಗಾಯ. ಸತ್ತ ತಾಯಿಯ ಸಮೇತ ಬಟ್ಟೆಯಲ್ಲಿ ಸುತ್ತಿ ಪಶುವೈದ್ಯರಲ್ಲಿಗೆ ಒಯ್ಯುವುದೇ ಸರಿ.

ಮರಿಗೆ ಮೊದಲು ಬೇಕಾದದ್ದು ಹಾಲಲ್ಲ, ಶಾಖ. ತಣ್ಣಗಿರುವ ಮರಿಗೆ ಏನು ಕುಡಿಸಿದರೂ ಜೀರ್ಣವಾಗುವುದಿಲ್ಲ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ಒಂದು ಬದಿಗೆ ಮಾತ್ರ ಇಡಬೇಕು. ಸೆಖೆಯಾದರೆ ಸರಿದುಕೊಳ್ಳಲು ಇನ್ನೊಂದು ಬದಿ ಇರಬೇಕು. ಸುತ್ತಿದ ಬಟ್ಟೆಯ ಸುರುಳಿಯನ್ನು ತಾಯಿಯ ಮೈಯೆಂದು ತಬ್ಬಿಕೊಳ್ಳುತ್ತದೆ. ಮೈ ಬೆಚ್ಚಗಾದ ಮೇಲೆ ಓಆರ್‌ಎಸ್ ನೀರನ್ನು ಸಿರಿಂಜಿನ ತುದಿಯಿಂದ ತುಟಿಯ ಅಂಚಿಗೆ ಒಂದೊಂದೇ ಹನಿ ತಾಗಿಸಬೇಕು. ಅದು ತಾನಾಗಿ ನೆಕ್ಕಬೇಕು, ನಾವು ಒತ್ತಿ ಬಿಡಬಾರದು. ಮೂಗಿಗೆ ಹೋದರೆ ಅಲ್ಲಿಗೆ ಮುಗಿಯಿತು. ಯಾವ ಹಾಲಿನ ಪುಡಿ, ಎಷ್ಟು ತೆಳುವಾಗಿ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಪಶುವೈದ್ಯರೇ ಹೇಳಬೇಕು. ಬೆಳೆದ ಹಣ್ಣುಬಾವಲಿಗೆ ಮಾಗಿದ ಬಾಳೆ, ಪಪ್ಪಾಯಿ, ಸಪೋಟದ ಹೋಳುಗಳನ್ನು ಅದರ ಮುಖದ ಎತ್ತರಕ್ಕೆ ತೂಗುಹಾಕಿದರೆ ಸಾಕು. ರಸ ಹೀರಿ ಸಿಪ್ಪೆ ಉಗುಳುತ್ತದೆ, ಕಾಯಿಲೆಯೆಂದು ಹೆದರಬೇಡಿ.

ಮರಿಯನ್ನು ಬೆಳೆಸಿ ಹಾರಲು ಕಲಿಸಿ ಹಿಂಡಿಗೆ ಸೇರಿಸುವುದು ತಿಂಗಳುಗಳ ಕೆಲಸ. ಅದಕ್ಕೆ ದೊಡ್ಡ ಜಾಲರಿ ಮನೆ, ಬೇರೆ ಮರಿಗಳ ಜೊತೆ, ತರಬೇತಾದ ಜನ ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಅಥರ್ಟನ್ ಬಳಿ ಟೋಲ್ಗಾ ಎಂಬಲ್ಲಿ ಬಾವಲಿಗಳಿಗೇ ಮೀಸಲಾದ ಆಸ್ಪತ್ರೆಯಿದೆ. ನಮ್ಮ ಹತ್ತಿರದಲ್ಲಿ ಬೆಂಗಳೂರಿನ ಕೆಂಗೇರಿಯಲ್ಲಿ 1996ರಲ್ಲಿ ಆರಂಭವಾದ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ನಮ್ಮ ಪಾಲಿನ ಕೆಲಸ ಮೊದಲ ಕೆಲವು ಗಂಟೆ ಜೀವ ಉಳಿಸಿ ಸರಿಯಾದ ಕೈಗೆ ಒಪ್ಪಿಸುವುದು.

ಹುಳ ತಿನ್ನುವ ಬಾವಲಿ: ಒಂದು ಧರ್ಮಸಂಕಟ

ಚಿಕ್ಕ ಬಾವಲಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದು ಬದುಕಬೇಕಾದರೆ ಹುಳ ಬೇಕು. ಈ ಕೆಲಸದವರು ಸಾಕಿದ ಹಿಟ್ಟಿನ ಹುಳಗಳನ್ನು ತಿನ್ನಿಸುತ್ತಾರೆ. ಅನ್ನ, ಹಾಲು, ಹಣ್ಣು ಅದಕ್ಕೆ ಆಹಾರವಲ್ಲ. ಒಂದು ಜೀವ ಉಳಿಸಲು ದಿನಕ್ಕೆ ಹತ್ತಾರು ಜೀವಗಳನ್ನು ನಮ್ಮ ಕೈಯಾರೆ ಕೊಡುವುದೇ? ಕೊಡದಿದ್ದರೆ ಹಸಿವಿನಿಂದ ಸಾಯುವುದನ್ನು ನೋಡುತ್ತ ಕೂರುವುದೇ?

ಇದಕ್ಕೆ ನಮ್ಮ ಸಮಾಜದ ಒಂದು ಸಂಸ್ಥೆ ತನ್ನದೇ ದಾರಿ ಕಂಡುಕೊಂಡಿದೆ. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಧರ್ಮಾಸ್ಪತ್ರೆಯಲ್ಲಿ ಕಾಳು ತಿನ್ನುವ ಪಕ್ಷಿಗಳನ್ನು ಒಳಗಿಟ್ಟು ಆರೈಕೆ ಮಾಡುತ್ತಾರೆ, ಮಾಂಸ ತಿನ್ನುವವನ್ನು ಒಳಗಿಟ್ಟುಕೊಳ್ಳದೆ ಗಾಯಕ್ಕೆ ಮದ್ದು ಹಾಕಿ ಕಳಿಸುವ ಪದ್ಧತಿ. ಅದೇ ದೆಹಲಿಯಲ್ಲಿ ಗಾಯಗೊಂಡ ಹದ್ದುಗಳ ಆರೈಕೆಯನ್ನು ಇಬ್ಬರು ಮುಸ್ಲಿಂ ಸೋದರರು ವಹಿಸಿಕೊಂಡಿರುವುದು 2022ರ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರದಿಂದ ಲೋಕಕ್ಕೆಲ್ಲ ತಿಳಿಯಿತು. ನಮ್ಮ ವ್ರತ ನಮಗೆ ಗಡಿ ಹಾಕುತ್ತದೆ. ಆ ಗಡಿಯಾಚೆಗೂ ದಯೆ ನಿಲ್ಲಬಾರದೆಂದರೆ ಇನ್ನೊಬ್ಬರ ಕೈಗೆ ಗೌರವದಿಂದ ಒಪ್ಪಿಸುವುದು ಗೊತ್ತಿರಬೇಕು.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಚಿಕ್ಕ ಬಾವಲಿಗೆ ನಾವು ಕತ್ತಲು, ಶಾಖ,-ನೀರಿನ ಹನಿ ಕೊಡೋಣ. ಗಾಯವಿಲ್ಲದಿದ್ದರೆ ಸಂಜೆ ಎತ್ತರದ ಗೋಡೆಗೆ ಬಟ್ಟೆಯ ಮೂಲಕ ಹಚ್ಚಿಬಿಡೋಣ. ದಣಿದು ಬಿದ್ದದ್ದು ಹೀಗೆಯೇ ಹಾರಿಹೋಗುವುದು ಉಂಟು. ಗಾಯವಿದ್ದರೆ ಆ ದಿನವೇ ಇಲಾಖೆಗೆ ಒಪ್ಪಿಸೋಣ. ಇಟ್ಟುಕೊಂಡು ಹಸಿವಿನಿಂದ ಕೊಲ್ಲುವುದು ಖಂಡಿತ ಅಹಿಂಸೆಯಲ್ಲ. ಮುನಿಗಳ ವಿಹಾರವಾದಾಗ ಈ ಪ್ರಶ್ನೆಯನ್ನು ಅವರ ಮುಂದಿಟ್ಟು ಮಾರ್ಗದರ್ಶನ ಕೇಳುವುದೂ ಉಚಿತ.

ಬಿಸಿಲಿನ ಹೊಡೆತ

ಏಪ್ರಿಲ್, ಮೇ ತಿಂಗಳ ನಮ್ಮ ಸೀಮೆಯ ಬಿಸಿಲು ಎಲ್ಲರಿಗೂ ಗೊತ್ತು. ಶಾಖ 42 ಡಿಗ್ರಿ ದಾಟಿದರೆ ತೊಗಲುಬಾವಲಿಗಳು ಮರದಿಂದ ಉದುರತೊಡಗುತ್ತವೆ. ಆಸ್ಟ್ರೇಲಿಯಾದಲ್ಲಿ 2018ರ ನವೆಂಬರಿನಲ್ಲಿ ಎರಡೇ ದಿನಗಳ ಬಿಸಿಲಿಗೆ ಸುಮಾರು 23 ಸಾವಿರ ಬಾವಲಿಗಳು ಸತ್ತವು. ನಮ್ಮ ದೇಶದಲ್ಲಿ 2020ರ ಮೇ ತಿಂಗಳಲ್ಲಿ ಗೋರಖಪುರದ ಕಡೆ ನೂರಾರು ಸತ್ತು ಬಿದ್ದಿದ್ದವು. ರೆಕ್ಕೆಯಿಂದ ಬೀಸಿಕೊಳ್ಳುವುದು, ಮೈ ನೆಕ್ಕಿಕೊಳ್ಳುವುದು, ಬಾಯಿ ತೆರೆದು ಏದುಸಿರು ಬಿಡುವುದು, ಒಂದರ ಮೇಲೊಂದು ಕೆಳಕೊಂಬೆಗೆ ಇಳಿಯುವುದು ಇವು ಅಪಾಯದ ಗುರುತು. ಆಗ ಬೇಕಾದ ಸಾಧನ ಒಂದು ಸ್ಪ್ರೇ ಪಂಪು. ಹೊಲಕ್ಕೆ ಔಷಧ ಹೊಡೆದ ಪಂಪು ಎಷ್ಟು ತೊಳೆದರೂ ಬೇಡ, ಹೊಸದನ್ನೇ ಕೊಂಡು ‘ನೀರಿಗೆ ಮಾತ್ರ’ ಎಂದು ಬರೆದಿಡಬೇಕು. ದೂರದಿಂದ ಮಂಜಿನಂತೆ ಸಿಂಪಡಿಸಬೇಕು. ಐಸ್ ನೀರು ಬೇಡ, ಕೂಗಾಟ ಬೇಡ. ಹೆದರಿ ಬಿಸಿಲಿಗೆ ಹಾರಿದರೆ ಇನ್ನೂ ಕೆಡುಕು.

ಕಾಯ್ದೆಯ ಮಾತು

1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ಹಣ್ಣುಬಾವಲಿಯನ್ನು ಕಾಗೆ, ಇಲಿ, ಹೆಗ್ಗಣಗಳ ಜೊತೆ ಪೀಡೆಯ ಪ್ರಾಣಿಗಳ ಐದನೇ ಪಟ್ಟಿಯಲ್ಲಿ ಸೇರಿಸಿದ್ದರು. ಯಾರು ಕೊಂದರೂ ಕೇಳುವವರಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಐವತ್ತು ವರ್ಷದ ಕಳಂಕ ಹೋಯಿತು ಎನ್ನಬೇಕು. ಅದೇ ಕಾಯ್ದೆಯ ಭಾವದಂತೆ ವನ್ಯಜೀವಿಯನ್ನು ಮನೆಯಲ್ಲಿ ಸಾಕಿಕೊಳ್ಳುವಂತಿಲ್ಲ. ಹಿಡಿದ ಕೂಡಲೇ ಹತ್ತಿರದ ಅರಣ್ಯ ಇಲಾಖೆಗೆ ತಿಳಿಸಬೇಕು. ಬಳ್ಳಾರಿಯೋ ಬೆಂಗಳೂರೋ ಹತ್ತಿರವೆಂದು ನಮ್ಮಷ್ಟಕ್ಕೆ ನಾವೇ ಕಾರಿನಲ್ಲಿಟ್ಟು ರಾಜ್ಯದ ಗಡಿ ದಾಟಿಸಬಾರದು, ಇಲಾಖೆಯ ಅನುಮತಿ ಬೇಕು. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅರಣ್ಯ ಕಚೇರಿ, ಪಶು ಆಸ್ಪತ್ರೆ, ವಿದ್ಯುತ್ ಕಚೇರಿಗಳ ಫೋನ್ ನಂಬರುಗಳನ್ನು ಅಂಟಿಸಿಡಿ.

ಸಮಾಜಕ್ಕೆ ನಮ್ಮ ವಿನಂತಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಆಹಾರದಾನಕ್ಕೂ ಶಾಸ್ತ್ರದಾನಕ್ಕೂ ದಾನಿಗಳು ಬೇಗ ಸಿಗುತ್ತಾರೆ, ಹೆಸರಿನ ಕಲ್ಲು ಹಾಕಿಸಬಹುದು. ಬಾವಲಿಯ ಪೆಟ್ಟಿಗೆಗೆ ಯಾವ ಕಲ್ಲೂ ಇಲ್ಲ, ಹೊಗಳುವವರೂ ಇಲ್ಲ. ಆದರೆ ಒಂದೇ ಪೆಟ್ಟಿಗೆಯಲ್ಲಿ ಔಷಧದಾನ, ಅಭಯದಾನ ಎರಡೂ ಇವೆ. ಮೇಲೆ ಹೇಳಿದ ಸಾಮಾನಿನಲ್ಲಿ ಅರ್ಧ ನಮ್ಮ ಮನೆ ಅಂಗಡಿಗಳಲ್ಲೇ ಇದೆ. ಉಳಿದದ್ದಕ್ಕೆ ಆಗುವ ಖರ್ಚು ಒಂದು ಮದುವೆಯ ಹೂವಿನ ಅಲಂಕಾರಕ್ಕೂ ಬಾರದು. ಪಾರಿವಾಳ, ನಾಯಿ, ಅಳಿಲಿಗೂ ಅದೇ ಪೆಟ್ಟಿಗೆ ಬಹುಮಟ್ಟಿಗೆ ಉಪಯೋಗವಾಗುತ್ತದೆ.

ಮಹಾವೀರ ಜಯಂತಿ ಬರುವುದೂ ತೊಗಲುಬಾವಲಿಗಳು ಮರಿ ಎದೆಗಪ್ಪಿಕೊಂಡು ಹಾರುವುದೂ ಒಂದೇ ಕಾಲದಲ್ಲಿ. ಆ ಹೊತ್ತಿಗೆ ಆದೋನಿ, ಎಮ್ಮಿಗನೂರು, ಆಲೂರು, ಪತ್ತಿಕೊಂಡ, ಗಡಿಯಾಚೆ ಬಳ್ಳಾರಿ, ಸಿರುಗುಪ್ಪ, ರಾಯಚೂರು ಹೀಗೆ ಊರಿಗೊಂದು ಪೆಟ್ಟಿಗೆ ಸಿದ್ಧವಾಗಲಿ. ಯುವಕ ಮಂಡಳದವರು ಲಸಿಕೆಯ ಜವಾಬ್ದಾರಿ ಹೊರಲಿ. ಮಹಿಳಾ ಸಮಾಜದವರು ಹಳೇ ಬಟ್ಟೆಗಳನ್ನು ಒಗೆದು ಮಡಿಸಿ ಕೊಡಲಿ. ಪಾಠಶಾಲೆಯ ಮಕ್ಕಳು ದೂರದಿಂದ ನೋಡಿ, ದೊಡ್ಡವರಿಗೆ ತಿಳಿಸುವುದನ್ನು ಕಲಿಯಲಿ. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಊರ ಮರದ ಬಾವಲಿಗಳು ಬೆದರಬಾರದೆಂದು ದೀಪಾವಳಿಗೆ ಪಟಾಕಿಯನ್ನೇ ಸುಡುವುದಿಲ್ಲ. ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ದಿನವೆಂದು ದೀಪ ಹಚ್ಚುವ ನಾವು ಅವರಿಗಿಂತ ಹಿಂದೆ ಬೀಳಬೇಕೇ?

ಪೆಟ್ಟಿಗೆ ಸಿದ್ಧಮಾಡಿದ ಊರಿನವರು ಈ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಿದರೆ ಉಳಿದ ಊರಿನವರಿಗೂ ಹುರುಪು ಬಂದೀತು. ಜೈ ಜಿನೇಂದ್ರ.